ಉಟ ತಯಾರ ಐತಿ

ಗದಗಿನಿಂದ ಬೆಟಗೇರಿ ಕಡೆ ಹೋಗೂ ದಾರ್‍ಯಾಗ
ಸೈಕಲ್ ರಿಪೇರಿ ಅಂಗಡಿ ದಾಟಿ ಎರಡ ಮೆಟ್ಟಲ ಇಳದರ
ಮುರಿಗೆವ್ವನ ಖಾನಾವಳಿ.
ಬಾಗಲ ಮ್ಯಾಲ ತಗಡಿನ ಬೋರ್ಡು, ನೀಲಿಗಿ ಬಿಳಿ ಅಕ್ಷರ:
ಉಟ ತಯಾರ ಐತಿ.

ಊ ಇರಬೇಕಾದಲ್ಲಿ ಉ.
ನಾ ಛಾಪಖಾನ್ಯಾಗ ಕರಡು ತಿದ್ದಾವ.
ಮುಂಜಾನಿಂದ ಕಣ್ಣಿಗಿ ತಪ್ಪು ಹುಡುಕೂದ ಕೆಲಸ:
ಲಗ್ನಪತ್ರಿಕಿ, ಸೊಸೈಟಿ ವರದಿ, ಪುಣ್ಯತಿಥಿ ಕಾರ್ಡು,
ಒತ್ತು ಬಿದ್ದಿದ್ದು, ದೀರ್ಘ ಮರತಿದ್ದು,
ಸತ್ತವರ ಅಪ್ಪನ ಹೆಸರು ಅದಲಬದಲ ಆಗಿದ್ದು.
ಒಂದಕ್ಕ ಹತ್ತ ಮಿನಿಟ ಇರೂವಾಗ ಪೆನ್ಸಿಲ್ ಕಿವಿಗಿ ಸಿಗಿಸಿ
ಹಸಗೊಂಡು ಬಂದರ
ಇಲ್ಲೂ ಒಂದು ತಪ್ಪು ನನ್ನ ದಾರಿ ಕಾಯ್ಕೋತ ನಿಂತಿರತೈತಿ.
ಹನ್ನೊಂದು ವರ್ಷ.

ಒಳಗ ನಾಕ ಟೇಬಲ್. ಒಂದರ ಕಾಲಿನ ಬುಡಕ
ಮಡಚಿ ಇಟ್ಟ ಕ್ಯಾಲೆಂಡರ್ ಹಾಳಿ,
ನಮ್ಮ ಪ್ರೆಸ್ಸಿಂದ, ಹೋದ ವರ್ಷದ ಶ್ರಾವಣ.
ಒಲಿ ಕಡಿಂದ ರೊಟ್ಟಿ ಬಡಿಯೂ ಸಪ್ಪಳ,
ಟಪ ಟಪ ಟಪ, ಆಮ್ಯಾಲ ಸಣ್ಣ ಬಿಡುವು,
(ಹಂಚಿಗಿ ಹಾಕಿದ್ಲು)
ಮತ್ತ ಟಪ ಟಪ.
ನಮ್ಮ ಹಳೇ ಟ್ರೆಡಲ್ ಮಷೀನಿಗೂ ಹಿಂಗ ಒಂದು ಉಸಿರಿತ್ತು.

ಗಂಗಾಳ ಬರತೈತಿ, ಮಾತಿಲ್ಲ.
ರೊಟ್ಟಿ, ಮಗ್ಗಲಕ ಎಣ್ಣಿ ಬಿಟ್ಟ ಎಣಗಾಯಿ, ಮಡಕಿಕಾಳ,
ಗುರೆಳ್ಳ ಹಿಂಡ್ಯಾಗ ಬೆರಳಲೆ ಗುಣಿ ತೋಡಿ ಕೆನಿಮೊಸರು,
ಬೇರಿನ ಮಣ್ಣು ತೊಳದ ಹಸಿ ಮೆಂತೆ, ಇಡೀ ಉಳ್ಳಾಗಡ್ಡಿ.
ಚಾಕು ಕೊಡಂಗಿಲ್ಲ, ಗುದ್ದಿ ಒಡಕೋಬೇಕು.
ಸ್ಟೇಷನ್ನಿನ ಹಮಾಲ ಅಡಿವೆಪ್ಪ ಮುಷ್ಟಿ ಎತ್ತಿದರ
ಬಾಜೂದವರು ತಮ್ಮ ನೀರಿನ ಚರಿಗಿ ಎತ್ತಿ ಹಿಡಕೋತಾರ.
ಎದುರಿಗಿ ಅರ್ಜಿ ಬರದು ಕೊಡೂ ನದಾಫ ಸಾಹೇಬ್ರು,
ಅಂಗಿಗೆ ಒಂದ ಹನಿ ಬ್ಯಾಳಿ ಸಿಡಿಯದಂಗ
ಶಾಯಿ ಹತ್ತಿದ ಬೆರಳ ಬಿಟ್ಟು ಉಳಿದ ನಾಕರಲೆ ಉಣ್ತಾರ.
ಇಲ್ಲಿ ಸಾಕು ಅನ್ನೂದು ಎರಡ ಸಲ ಅನಬೇಕು.
ಮೊದಲನೇದು ಮುರಿಗೆವ್ವಗ ಕೇಳಂಗಿಲ್ಲ.

ಹೋದ ಸೋಮವಾರ ತಡಕೋಳಾಕ ಆಗಲಿಲ್ಲ.
ಬಿಳಿ ಬಣ್ಣದ ಸಣ್ಣ ಡಬ್ಬಿ, ಒಂದು ಕುಂಚ ತಂದೆ.
‘ಅವ್ವಾರ, ಒಂದ ಬಾಲ ಹಚ್ಚತೀನಿ, ಊ ಆಗತೈತಿ.
ರೊಕ್ಕ ಬ್ಯಾಡ.’

ಮೊಳಕೈತನ ಹಿಟ್ಟು, ಸೆರಗಿಲೆ ಹಣಿ ಒರಸ್ಕೋತ ಹೊರಗ ಬಂದ್ಲು.
ಯಾರದೋ ಮನಿ ಬೋರ್ಡು ನೋಡಿದಂಗ ನೋಡಿದ್ಲು.
‘ಅದನ್ನ ಬರದಾವ ಹಾನಗಲ್ ಕಡೀ ಹುಡುಗ್ರಿ,
ಬೋರ್ಡ್ ಬರಕೋತ ಊರೂರು ತಿರಗಾವ.
ಹಿಂದಿನ ದಿನದಿಂದ ಉಂಡಿದ್ದಿಲ್ಲ, ಮಾರಿ ಹೇಳತಿತ್ತು.
ಮೊದಲ ಉಣ್ಣೋ ಅಂದೆ. ಇಲ್ಲ, ಮೊದಲ ಕೆಲಸ ಅಂದ.
ನಾ ಒಳಗ ಬಳ್ಳೊಳ್ಳಿ ಒಗ್ಗರಣಿ ಕೊಟ್ಟೆ,
ಅವ ಹೊರಗ ಏಣಿ ಮ್ಯಾಲ.
ಹಸದಾವಗ ಬಾಲ ಎಳಿಯಾಕ ಪುರಸೊತ್ತು ಎಲ್ಲೈತ್ರಿ?’

ಒಂದು ಗಳಿಗಿ ಸುಮ್ಮನಿದ್ದು ಅಂದ್ಲು:
‘ಒಂಬತ್ತ ರೊಟ್ಟಿ ಉಂಡ. ಆಮ್ಯಾಲ ನುಚ್ಚು ಮಜ್ಜಿಗಿ.
ಬರ್ರಿ ಒಳಗ, ಆರಾಕತ್ತಾವ.’

ಏಣಿ ಇಳದೆ.
ಅವತ್ತ ಪಲ್ಲೆ ಪುಂಡೀದು,
ಹುಳಿಗಿ ಕಣ್ಣಾಗ ನೀರು ಬರೂವಂಥಾದ್ದು.

ಸಂಜಿಮುಂದ ಒಂದು ಲಗ್ನಪತ್ರಿಕಿ ಕರಡು ಬಂತು.
ಕಡೀ ಸಾಲಿನ್ಯಾಗ, ಮಧ್ಯಾಹ್ನ ಹನ್ನೆರಡೂವರೆಗೆ ಪ್ರೀತಿಯ ಉಟ.
ಪೆನ್ಸಿಲ್ ನಿಂತ್ಕೊಂತು.
ಇದನ್ನ ಕಂಪೋಜ್ ಮಾಡಿದ ಹುಡುಗಿ ಅಲ್ಲೇ ಮೂಲ್ಯಾಗ
ಡಬ್ಬಿ ಬಿಚ್ಚಿದ್ದಿಲ್ಲ, ನಾಕ ಹೊಡದಿತ್ತು.
‘ಉಂಡೇನವಾ?’ ಅಂದೆ.
‘ಈಗ ಉಣ್ತೀನ್ರಿ ಸರ್’ ಅಂದ್ಲು.

ತಿದ್ದಿದೆ. ಪಗಾರ ಅದಕ್ಕ ಕೊಡತಾರ.

ಬಣ್ಣದ ಡಬ್ಬಿ ಇನ್ನೂ ನನ್ನ ಖಣದಾಗ ಐತಿ.
ನಿನ್ನೆ ಅಲಗಾಡಿಸಿ ನೋಡಿದೆ,
ಸಪ್ಪಳಿಲ್ಲ.